14 ವರ್ಷದ ಕಾರು, ಎಂಜಿನ್ ಹೋಗಿದೆ: ಬೇರೆ ಎಂಜಿನ್ ಹಾಕಿಸಬೇಕಾ, ಗಾಡಿಯನ್ನೇ ಬಿಡಬೇಕಾ?

ಐದನೇ ಗೇರ್
ಎಲ್ಲರಿಗೂ ನಮಸ್ಕಾರ. ಗಾಡಿ 14 ವರ್ಷ ಹಳೇದು. ಪೆಟ್ರೋಲ್, ನಾಲ್ಕು ಸಿಲಿಂಡರ್, ಮ್ಯಾನ್ಯುವಲ್ ಗೇರ್. ಓಡಿರೋದು 1,68,000 ಕಿ.ಮೀ. ಮನೆಗೆ ಇದೊಂದೇ ಕಾರು. ಮೊನ್ನೆ ತಮ್ಮ ಹೈವೇನಲ್ಲಿ ಹೋಗ್ತಿದ್ದಾಗ ಟೆಂಪರೇಚರ್ ಮುಳ್ಳು ಮೇಲೆ ಹೋಯ್ತಂತೆ. ಸೈಡಿಗೆ ಹಾಕೋಣ ಅನ್ನೋಷ್ಟರಲ್ಲಿ ತಾನಾಗೇ ಕೆಳಗಿಳೀತಂತೆ. ಸರಿಹೋಯ್ತಲ್ಲ ಅಂತ ಮುಂದೆ ಹೋಗಿದ್ದಾನೆ. ಆಮೇಲೆ ಪಿಕಪ್ ಬಿದ್ದುಹೋಗಿ, ಕಟಕಟ ಸದ್ದು ಶುರುವಾಗಿ, ಗಾಡಿ ನಿಂತೇಬಿಡ್ತು. ಈಗ ಸೆಲ್ಫ್ ಹೊಡೆದರೆ ಟಕ್ ಅಂತ ಒಂದು ಸದ್ದು, ಅಷ್ಟೇ.

ಟೋ ಮಾಡಿಸಿ ಗ್ಯಾರೇಜಿಗೆ ಹಾಕಿದ್ದೀವಿ. ಬಾನೆಟ್ ಎತ್ತಿ ನೋಡಿ "ಎಂಜಿನ್ ಸೀಜ್, ಬೇರೆ ಎಂಜಿನ್ನೇ ಗತಿ" ಅಂದ್ರು. ಹೇಳಿದ ಮೊತ್ತ, ಗಾಡಿ ಚೆನ್ನಾಗಿದ್ದಾಗ ಮಾರಿದ್ರೆ ಬರ್ತಿದ್ದ ದುಡ್ಡಿಗೆ ಹತ್ತತ್ರ ಇದೆ. ಈಚೆಗಷ್ಟೇ ಕ್ಲಚ್ ಸೆಟ್ಟು, ನಾಲ್ಕೂ ಟೈರ್ ಹೊಸದು ಹಾಕಿಸಿದ್ದೆ, ಅದರ ಸಂಕಟ ಬೇರೆ. ಬಾಡಿ ಚೆನ್ನಾಗಿದೆ, ಎಲ್ಲೂ ಗುದ್ದಿಲ್ಲ. ನೀವಾಗಿದ್ರೆ ಏನು ಮಾಡ್ತಿದ್ರಿ?

ಸುಮ್ನೆ ಓದೋನು
ಮಾರಿ ಕೈ ತೊಳ್ಕೊಳ್ಳಿ. 14 ವರ್ಷ ದುಡಿದಿದೆ, ಸಾಕು.

ಹಳೇ ಕಬ್ಬಿಣ
ಅದ್ಯಾಕೆ ಸಾಕು? ಎಂಜಿನ್ ಅನ್ನೋದು ಬಿಚ್ಚಿ ಬದಲಾಯಿಸೋ ವಸ್ತು. ಗಾಡಿ ಸಾಯೋದು ತುಕ್ಕು ಹಿಡಿದು, ಎಂಜಿನ್ ಹೋಗಿ ಅಲ್ಲ. ಬಾಡಿ ಗಟ್ಟಿ ಇದ್ರೆ, ಗೇರ್‌ಬಾಕ್ಸ್ ಸರಿ ಇದ್ರೆ ಕಣ್ಣು ಮುಚ್ಚಿ ಹಾಕಿಸಿ. ಈಗಿನ ಗಾಡಿಗಳಲ್ಲಿ ಒಂದು ಹೆಡ್‌ಲೈಟ್ ಒಡೆದರೆ ಎಷ್ಟು ಬಿಲ್ ಆಗುತ್ತೆ ಅಂತ ವಿಚಾರಿಸಿ ನೋಡಿ, ಆಮೇಲೆ ಹಳೇ ಗಾಡಿ ಬೈರಿ.

ಗ್ರೀಸ್ ಕೈ
ಹಾಕಿಸೋದೋ ಬಿಡೋದೋ ಆಮೇಲೆ ಮಾತಾಡೋಣ ಸರ್. ಮೊದಲು ಏನು ಹೋಗಿದೆ ಅಂತ ಗೊತ್ತಾಗಲಿ. ನಮ್ಮ ಕಸುಬಿನಲ್ಲಿ ತಿರುಗದೇ ಇರೋದೆಲ್ಲ "ಸೀಜ್". ಸೆಲ್ಫ್ ಮೋಟಾರ್ ಹಿಡಿದುಕೊಂಡಿದ್ರೂ ಸೀಜ್, ಎಸಿ ಕಂಪ್ರೆಸರ್ ಜಾಮ್ ಆಗಿದ್ರೂ ಸೀಜ್. ಬಾನೆಟ್ ಎತ್ತಿದ ಮಾತ್ರಕ್ಕೆ ಎಂಜಿನ್ ಒಳಗೆ ಏನಾಗಿದೆ ಅಂತ ಯಾರಿಗೂ ಕಾಣಲ್ಲ.

ಗಾಡಿ ನ್ಯೂಟ್ರಲ್‌ಗೆ ಹಾಕಿ. ಹೊರಗಿನ ಬೆಲ್ಟ್ ಬಿಚ್ಚಿಸಿ, ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆಸಿ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ದಂಡ) ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗೋ ದಿಕ್ಕಿಗೇ ಕೈಯಲ್ಲಿ ನಿಧಾನಕ್ಕೆ ತಿರುಗಿಸಬೇಕು. ಅಡ್ಡ ಸಿಕ್ಕಿದ್ರೆ ಬಲ ಹಾಕಬೇಡಿ. ಪೂರ್ತಿ ಎರಡು ಸುತ್ತು ಬಂದ್ರೆ ಅದು ಸೀಜ್ ಅಲ್ಲ. ಸಿಲಿಂಡರ್ ಒಳಗೆ ನೀರು ನಿಂತಿದ್ರೂ ಸೆಲ್ಫ್ ಟಕ್ ಅಂತ ನಿಲ್ಲುತ್ತೆ, ಯಾಕಂದ್ರೆ ಗಾಳಿ ಒತ್ತಬಹುದು, ನೀರು ಒತ್ತಕ್ಕಾಗಲ್ಲ. ಪ್ಲಗ್ ತೆಗೆದಿದ್ರೆ ಅದು ಹೊರಗೆ ಬರುತ್ತೆ, ಮುಖ ಅಡ್ಡ ಇಡಬೇಡಿ.

ತಿರುಗಿದ್ರೆ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಕಟ್ಟುತ್ತೆ ಅಂತ ನೋಡಿಸಿ, ನಾಲ್ಕೂ ಸಿಲಿಂಡರಿನ ಅಂಕಿ ಬರೆಸಿಕೊಳ್ಳಿ. ಆಯಿಲ್ ಇಳಿಸಿ, ಆಯಿಲ್ ಫಿಲ್ಟರ್ ಅಡ್ಡಕ್ಕೆ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ಲೋಹದ ಚೂರು ಇದೆಯಾ ಬಿಸಿಲಲ್ಲಿ ನೋಡಿ. ಇದಕ್ಕೆಲ್ಲ ಅರ್ಧ ದಿನದ ಕೂಲಿ ಸಾಕು.

ಇನ್ನೊಂದು ವಿಷ್ಯ. ಮುಳ್ಳು ತಾನಾಗೇ ಇಳಿದಿದ್ದು ಗಾಡಿ ತಣ್ಣಗಾಗಿ ಅಲ್ಲ. ನೀರೆಲ್ಲ ಖಾಲಿಯಾಗಿದೆ. ಟೆಂಪರೇಚರ್ ಸೆನ್ಸರ್ ನೀರಲ್ಲಿ ಮುಳುಗಿದ್ರೆ ತಾನೇ ಸರಿಯಾಗಿ ಹೇಳೋದು? ಬರೀ ಗಾಳಿ, ಆವಿ ಇದ್ರೆ ಕಮ್ಮಿ ತೋರಿಸುತ್ತೆ. ನಿಮ್ಮ ತಮ್ಮನ್ನ ಬೈಬೇಡಿ, ಎಷ್ಟೋ ಜನ ಹೀಗೇ ಮೋಸ ಹೋಗ್ತಾರೆ.

ಡಿಪ್‌ಸ್ಟಿಕ್
ಗ್ರೀಸ್ ಕೈ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬಿಸಿ ಆಗಿದ್ದು ಹೈವೇ ಸ್ಪೀಡಲ್ಲಿ. ಹಾಗಾಗಿ ಫ್ಯಾನ್ ಮೇಲೆ ಅನುಮಾನ ಬೇಡ, ಆ ಸ್ಪೀಡಲ್ಲಿ ಬರೋ ಗಾಳಿಯೇ ರೇಡಿಯೇಟರಿಗೆ ಸಾಕು. ಟ್ರಾಫಿಕ್ಕಲ್ಲಿ ಮಾತ್ರ ಬಿಸಿ ಆಗಿದ್ರೆ ಫ್ಯಾನ್ ನೋಡಬೇಕಿತ್ತು. ಇಲ್ಲಿ ಸೋರಿಕೆ, ವಾಟರ್ ಪಂಪ್, ಥರ್ಮೋಸ್ಟಾಟ್ ಅಥವಾ ಕಟ್ಟಿಕೊಂಡ ರೇಡಿಯೇಟರ್. ಯಾವುದು ಅಂತ ಗೊತ್ತು ಮಾಡ್ಕೊಳ್ದೇ ಬೇರೆ ಎಂಜಿನ್ ಕೂರಿಸಿದ್ರೆ ಅದನ್ನೂ ಸುಟ್ಟು ಹಾಕ್ತೀರಿ.

ಐದನೇ ಗೇರ್
ನೋಡಿಸಿದೆ. ಗ್ಯಾರೇಜಿನವರು ಮುಖ ಸಿಂಡರಿಸಿದ್ರು, ಆದರೂ ಮಾಡಿಕೊಟ್ರು.

ಪ್ಲಗ್ ತೆಗೆದು ಕೈಯಲ್ಲಿ ತಿರುಗಿಸಿದ್ರೆ ತಿರುಗಿತು! ಆಮೇಲೆ ಸೆಲ್ಫ್ ಕೊಟ್ಟಾಗ ಮೂರನೇ ಸಿಲಿಂಡರಿನಿಂದ ನೀರು ಚಿಮ್ಮಿ ಗೋಡೆಗೆ ಹೊಡೀತು. ಟೋ ಮಾಡಿ ತಂದಾಗ ಅವರು ರೇಡಿಯೇಟರಿಗೆ ನೀರು ತುಂಬಿಸಿದ್ದರಂತೆ. ಮೂರನೇ ಪ್ಲಗ್ ತುದಿ ಮಸಿ ಇಲ್ಲದೆ ಬೆಳ್ಳಗೆ ತೊಳೆದಿಟ್ಟಂತಿದೆ, ಉಳಿದವು ಕಂದು.

ಕಂಪ್ರೆಷನ್: ಮೊದಲನೇದು 12 ಬಾರ್, ಎರಡನೇದು 11.5, ಮೂರನೇದು 4, ನಾಲ್ಕನೇದು 4.5. ಕಡಿಮೆ ಬಂದ ಎರಡಕ್ಕೂ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದ್ರು, ಹೆಚ್ಚೇನೂ ಏರಲಿಲ್ಲ.

ರೇಡಿಯೇಟರಿನ ಪಕ್ಕದ ಪ್ಲಾಸ್ಟಿಕ್ ಟ್ಯಾಂಕ್ ಉದ್ದಕ್ಕೆ ಸೀಳಿದೆ. ನೀರು ಹೋಗಿದ್ದು ಅಲ್ಲೇ.

ಗ್ರೀಸ್ ಕೈ
ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದೆ, ಆಯಿಲ್ ಬಿಟ್ರೂ ಏರಿಲ್ಲ. ಪಿಸ್ಟನ್ ರಿಂಗ್ ಸವೆದಿದ್ರೆ ಆಯಿಲ್ ಸಂದು ಮುಚ್ಚಿ ಅಂಕಿ ಮೇಲೆ ಬರಬೇಕಿತ್ತು. ಹಾಗಾಗಿ ಮೂರು–ನಾಲ್ಕರ ನಡುವೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲೆ ಕೂರೋ ಹೆಡ್ಡಿಗೂ ಮಧ್ಯದ ಸೀಲು) ಹೋಗಿದೆ. ಅಲ್ಯೂಮಿನಿಯಂ ಹೆಡ್ ಅಲ್ವಾ, ಇಷ್ಟು ಬಿಸಿ ಕಂಡ ಮೇಲೆ ಸೊಟ್ಟ ಆಗಿರೋದು ಗ್ಯಾರಂಟಿ. ಇಷ್ಟೇ ಆಗಿದ್ರೆ ಹೆಡ್ ಇಳಿಸಿ, ಪ್ರೆಷರ್ ಟೆಸ್ಟ್ ಮಾಡಿಸಿ, ಫೇಸಿಂಗ್ ಹೊಡೆಸಿ (ತಳ ಉಜ್ಜಿ ಸಮ ಮಾಡಿಸಿ) ಕೂರಿಸಿದ್ರೆ ಮುಗೀತು. ಪೂರ್ತಿ ಎಂಜಿನ್ನಿನ ಖರ್ಚಿಗೆ ಹೋಲಿಸಿದ್ರೆ ಇದು ತೀರಾ ಕಮ್ಮಿ.

ಆದರೆ ನಿಂತಾಗ ಕಟಕಟ ಸದ್ದು ಬಂತು ಅಂದ್ರಲ್ಲ, ಅದೇ ನನಗೆ ಅನುಮಾನ. ಫಿಲ್ಟರ್ ಕತ್ತರಿಸಿದ್ರಾ?

ಐದನೇ ಗೇರ್
ಇವತ್ತು ಕತ್ತರಿಸಿದ್ವಿ. ಆಯಿಲ್ ಬೂದುಗಂದು ಲೋಳೆ ಆಗಿದೆ, ನೀರು ಸೇರಿರೋದು ಬರಿಗಣ್ಣಿಗೇ ಕಾಣುತ್ತೆ. ಫಿಲ್ಟರಿನ ಕಾಗದ ಬಿಡಿಸಿದ್ರೆ ಮಡಿಕೆ ಮಡಿಕೆಯಲ್ಲೂ ಮಿಣಮಿಣ ಅಂತ ಚೂರು. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಕೆಲವಕ್ಕೆ ತಾಮ್ರದ ಬಣ್ಣ.

ಗ್ರೀಸ್ ಕೈ
ಕ್ರ್ಯಾಂಕ್ ತಿರುಗೋ ಬೇರಿಂಗ್ ಹೋಯ್ತು ಸರ್. ತಾಮ್ರದ ಬಣ್ಣ ಕಂಡಿತು ಅಂದ್ರೆ ಬೇರಿಂಗ್ ಶೆಲ್ಲಿನ ಮೇಲಿನ ಮೆತ್ತನೆ ಪದರ ಸವೆದು ಒಳಗಿನ ತಾಮ್ರದ ಪದರ ಎದ್ದಿದೆ. ಬಿಸಿಗೆ ಆಯಿಲ್ ತೆಳ್ಳಗಾಯ್ತು, ಜೊತೆಗೆ ರೇಡಿಯೇಟರಿನ ನೀರು ಸೇರಿತು, ಕ್ರ್ಯಾಂಕಿಗೂ ಶೆಲ್ಲಿಗೂ ಮಧ್ಯೆ ಇರಬೇಕಾದ ಆಯಿಲ್ ಪದರ ನಿಲ್ಲಲಿಲ್ಲ. ಈಗ ಬರೀ ಹೆಡ್ ಕೆಲಸ ಮಾಡಿಸಿದ್ರೆ ಎರಡೇ ತಿಂಗಳಲ್ಲಿ ಮತ್ತೆ ಟೋ ಗಾಡಿ ಕರೀತೀರಿ.

ನಿಮ್ಮ ಗ್ಯಾರೇಜಿನವರು ಹೇಳಿದ ತೀರ್ಮಾನ ಸರಿಯಾಗೇ ಇತ್ತು, ಕಾರಣ ಮಾತ್ರ ಬೇರೆ. ಈಗ ಉಳಿದಿರೋದು ಮೂರೇ ದಾರಿ: ಇದೇ ಎಂಜಿನ್ ಪೂರ್ತಿ ಬಿಚ್ಚಿ ಕೆಲಸ ಮಾಡಿಸೋದು, ಬೇರೆ ಗಾಡಿಯಿಂದ ಇಳಿಸಿದ ಹಳೇ ಎಂಜಿನ್ ತರೋದು, ಇಲ್ಲ ಗಾಡಿ ಬಿಡೋದು.

ಲೆಕ್ಕದ ಪುಸ್ತಕ
ಇಲ್ಲಿಂದ ನನ್ನ ಸರದಿ.

"ರಿಪೇರಿ ಖರ್ಚು ಗಾಡಿ ಬೆಲೆ ದಾಟಿದ್ರೆ ಬಿಟ್ಟುಬಿಡಿ" ಅಂತ ಎಲ್ಲರೂ ಹೇಳ್ತಾರೆ. ಅದು ಇನ್ಶೂರೆನ್ಸ್ ಕಂಪನಿಯ ಲೆಕ್ಕ, ಗಾಡಿ ಓಡಿಸೋರ ಲೆಕ್ಕ ಅಲ್ಲ. ನಿಮಗೆ ಹೇಗೂ ಕಾರು ಬೇಕು. ಹಾಗಿದ್ದಾಗ ರಿಪೇರಿಯನ್ನ ಗಾಡಿ ಬೆಲೆ ಜೊತೆ ತೂಗೋದಲ್ಲ, ಇದರ ಬದಲಿಗೆ ಇನ್ನೊಂದು ಗಾಡಿ ಮನೆ ಮುಂದೆ ನಿಲ್ಲಿಸೋಕೆ ಆಗೋ ಖರ್ಚಿನ ಜೊತೆ ತೂಗಬೇಕು.

ನಿಮ್ಮ ಗಾಡಿ ಸರಿಯಿದ್ದಾಗಿನ ಬೆಲೆ 100 ಅಂತಿಟ್ಟುಕೊಳ್ಳಿ. ಹೀಗೇ ಎಂಜಿನ್ ಹೋದ ಸ್ಥಿತಿಯಲ್ಲಿ ಮಾರಿದ್ರೆ 30 ಬರಬಹುದು. ರಿಪೇರಿ 90. ಇದೇ ವಯಸ್ಸಿನ ಇನ್ನೊಂದು ಗಾಡಿ ತಗೊಂಡ್ರೆ 100 ಕೊಡಬೇಕು, ಹಳೇದರಿಂದ 30 ಬರುತ್ತೆ, ಕೈಯಿಂದ ಹೋಗೋದು 70. ಮೇಲ್ನೋಟಕ್ಕೆ 20 ಉಳಿತಾಯ. ಆದರೆ ಆ ಗಾಡಿಯ ಕ್ಲಚ್ ಎಷ್ಟು ಸವೆದಿದೆ, ರೇಡಿಯೇಟರ್ ಎಷ್ಟು ಹಳೇದು ನಿಮಗೆ ಗೊತ್ತಿಲ್ಲ. ಬೇರೆಯವರ 14 ವರ್ಷದ ಗಾಡಿ ತರೋದಕ್ಕಿಂತ ಸ್ವಂತದ್ದನ್ನ ರಿಪೇರಿ ಮಾಡಿಸೋದೇ ವಾಸಿ.

ಹೊಸತರ ಹತ್ತಿರದ ಗಾಡಿ ತಗೊಂಡ್ರೆ? ಬೆಲೆ 300 ಅಂದುಕೊಳ್ಳಿ. ಕೈಯಿಂದ 270. ಎಂಟು ವರ್ಷ ಓಡಿಸಿ 60ಕ್ಕೆ ಮಾರಿದ್ರೆ ನಿಜವಾದ ಖರ್ಚು 210, ವರ್ಷಕ್ಕೆ ಸುಮಾರು 26. ನಿಮ್ಮದಕ್ಕೆ 90 ಹಾಕಿ, ಕೊನೆಗೆ 30ಕ್ಕೆ ಮಾರಿದ್ರೆ ಖರ್ಚು 60. ಅಂದ್ರೆ ಬೇರೆ ಎಂಜಿನ್ ಹಾಕಿದ ಮೇಲೆ ಗಾಡಿ ಎರಡೂಕಾಲು ವರ್ಷದ ಮೇಲೆ ಓಡಿದ್ರೆ ನಿಮಗೆ ಲಾಭ.

ಕ್ಲಚ್ಚು, ಟೈರಿಗೆ ಹಾಕಿದ ದುಡ್ಡನ್ನ ಲೆಕ್ಕಕ್ಕೇ ತರಬೇಡಿ. ಅದು ಹೋಗಿದ್ದು ಹೋಯ್ತು. ಇನ್ನೆರಡು ವರ್ಷ ಆ ಖರ್ಚು ಬರಲ್ಲ ಅನ್ನೋದಷ್ಟೇ ಲೆಕ್ಕ.

ಡಿಪ್‌ಸ್ಟಿಕ್
ಹಳೇ ಗಾಡಿಗೆ ವರ್ಷವರ್ಷ ಬರೋ ಸಣ್ಣಪುಟ್ಟ ರಿಪೇರಿ ಎಲ್ಲಿ ಸೇರಿಸಿದ್ರಿ? ಸಸ್ಪೆನ್ಷನ್ ಬುಷ್, ಎಸಿ, ಆಲ್ಟರ್ನೇಟರ್... ಹೊಸದಕ್ಕಿಂತ ವರ್ಷಕ್ಕೆ 8 ಜಾಸ್ತಿ ಅಂತ ಇಟ್ಟರೂ ನಿಮ್ಮ ಎರಡೂಕಾಲು ವರ್ಷ ಮೂರೂಕಾಲು ದಾಟುತ್ತೆ.

ಲೆಕ್ಕದ ಪುಸ್ತಕ
ನಿಜ, ಒಪ್ಪಿದೆ. ಮೂರೂಕಾಲು ಅಂತಲೇ ಇಟ್ಟುಕೊಳ್ಳೋಣ. ಪ್ರಶ್ನೆ ಏನಪ್ಪ ಅಂದ್ರೆ, ಎಂಜಿನ್ ಬಿಟ್ಟು ಉಳಿದ ಗಾಡಿಗೆ ಇನ್ನು ಮೂರೂಕಾಲು ವರ್ಷ ಆಯುಸ್ಸು ಇದೆಯಾ? ವಯಸ್ಸಾದ ಗಾಡಿಗಳಿಗೆ ಕಾನೂನಿನ ಮಿತಿ ಇರೋ ಕಡೆ ಅದನ್ನೂ ನೋಡಬೇಕು.

ಹಿಂದಿನ ಸೀಟು
ಲೆಕ್ಕ ಎಲ್ಲ ಸರಿ, ಆದರೆ ಯಾರೂ ಕೇಳದ ಒಂದು ಮಾತು. ಆ ಗಾಡಿಯಲ್ಲಿ ಏರ್‌ಬ್ಯಾಗ್ ಇದೆಯಾ? ಎಬಿಎಸ್? ಜಾರುವಾಗ ಗಾಡಿಯನ್ನ ಹತೋಟಿಗೆ ತರೋ ಇಎಸ್‌ಸಿ ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ, ಯುರೋಪ್ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ. 14 ವರ್ಷದ ಹಿಂದಿನ ಸಾದಾ ಮಾಡೆಲ್‌ಗಳಲ್ಲಿ ಇದು ಇಲ್ಲದಿರೋದೇ ಹೆಚ್ಚು. ಮನೆಗೆ ಒಂದೇ ಕಾರು ಅಂದ ಮೇಲೆ ಮಕ್ಕಳು, ವಯಸ್ಸಾದವರು ಎಲ್ಲ ಅದರಲ್ಲೇ ತಾನೇ ಓಡಾಡೋದು?

ಹಳೇ ಕಬ್ಬಿಣ
ಮೇಡಂ, ಮೊನ್ನೆವರೆಗೂ ಅದರಲ್ಲೇ ಓಡಾಡ್ತಿದ್ರಲ್ಲ.

ಹಿಂದಿನ ಸೀಟು
ಮೊನ್ನೆವರೆಗೂ ಯಾರೂ ದುಡ್ಡು ಕೇಳಿರಲಿಲ್ಲ ಸರ್. ಈಗ ದೊಡ್ಡ ಮೊತ್ತ ಹಾಕೋಕೆ ಹೊರಟಿದ್ದಾರೆ, ಅದಕ್ಕೇ ಹೇಳಿದ್ದು.

ಐದನೇ ಗೇರ್
ಎರಡು ಏರ್‌ಬ್ಯಾಗ್, ಎಬಿಎಸ್ ಇದೆ ಮೇಡಂ. ಇಎಸ್‌ಸಿ ಇಲ್ಲ.

ಲೆಕ್ಕ ನೋಡಿ ಮನಸ್ಸು ಹಾಕಿಸೋ ಕಡೆಗೇ ವಾಲ್ತಿದೆ. ಇದೇ ಎಂಜಿನ್ ಕೆಲಸ ಮಾಡಿಸೋದಾ, ಹಳೇ ಎಂಜಿನ್ ತರೋದಾ? ತಂದ್ರೆ ಏನು ನೋಡಬೇಕು?

ಗ್ರೀಸ್ ಕೈ
ಕೆಲಸ ಮಾಡಿಸೋದು ಅಂದ್ರೆ ಕ್ರ್ಯಾಂಕ್ ಲೇತಿಗೆ ಕೊಟ್ಟು 0.25 ಮಿ.ಮೀ. ಅಥವಾ 0.50 ಉಜ್ಜಿಸಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಶೆಲ್ ಹಾಕಬೇಕು. ಬೋರ್ ಗೇಜ್ ಹಾಕಿ ಸಿಲಿಂಡರ್ ಅಂಡಾಕಾರಕ್ಕೆ ತಿರುಗಿದೆಯಾ ಅಳೀಬೇಕು. ತಿರುಗಿದ್ರೆ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್. ಆಯಿಲ್ ಪಂಪ್ ಹೊಸದು. ಹೆಡ್ಡಿನ ಉದ್ದಕ್ಕೂ ಸ್ಟ್ರೈಟ್ ಎಡ್ಜ್ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡ್ತೀವಿ, ಸಾಮಾನ್ಯವಾಗಿ 0.05 ಮಿ.ಮೀ. ದಾಟಿದ್ರೆ ಫೇಸಿಂಗ್. ಎಷ್ಟು ತೆಗೀಬಹುದು ಅನ್ನೋದಕ್ಕೂ ಮಿತಿ ಇದೆ. ತೀರಾ ಬಿಸಿ ಕಂಡ ಅಲ್ಯೂಮಿನಿಯಂ ಮೆತ್ತಗಾಗಿಬಿಡುತ್ತೆ. ಅಂಥ ಹೆಡ್ಡು ನೇರ ಮಾಡಿಸಿದ್ರೂ ಗ್ಯಾಸ್ಕೆಟ್ ಹಿಡಿದು ನಿಲ್ಲಲ್ಲ. ಲೇತ್‌ನೋರು ಒಳ್ಳೆಯವರು ಸಿಕ್ಕಿ, ಸಾಮಾನು ಅಸಲಿ ಸಿಕ್ಕಿದ್ರೆ ನನ್ನ ಮತ ಇದಕ್ಕೇ, ಒಳಗೆ ಏನಿದೆ ಅಂತ ಗೊತ್ತಿರುತ್ತೆ. ಆದರೆ ಖರ್ಚು ಎಲ್ಲಿಗೆ ನಿಲ್ಲುತ್ತೆ ಅಂತ ಬಿಚ್ಚೋ ಮುಂಚೆ ಯಾರೂ ಹೇಳಕ್ಕಾಗಲ್ಲ. ಹೇಳಿದ್ರೆ ನಂಬಬೇಡಿ.

ಹಾಫ್ ಎಂಜಿನ್ ಅಂತಲೂ ಸಿಗುತ್ತೆ, ಹೆಡ್ ಇಲ್ಲದೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಮಾತ್ರ. ನಿಮ್ಮ ಹೆಡ್ಡೇ ಅನುಮಾನ ಇರೋದ್ರಿಂದ ನಿಮಗೆ ಅದು ಬೇಡ.

ಹಳೇ ಎಂಜಿನ್ ತರೋದಾದ್ರೆ ಮಾಡೆಲ್ ಹೆಸರು ನಂಬಬೇಡಿ, ಎಂಜಿನ್ ಕೋಡ್ ತಾಳೆ ನೋಡಿ. ಒಂದೇ ಹೆಸರಿನ ಗಾಡಿಯಲ್ಲಿ ಮಧ್ಯದಲ್ಲಿ ಸೆನ್ಸರ್, ಕನೆಕ್ಟರ್ ಬದಲಾಗಿರುತ್ತೆ. ಒಂದಕ್ಕೆ ಥ್ರಾಟಲ್ ಕೇಬಲ್, ಇನ್ನೊಂದಕ್ಕೆ ಎಲೆಕ್ಟ್ರಾನಿಕ್. ಆಯಿಲ್ ಹಾಕೋ ಮುಚ್ಚಳ ತೆಗೆದು ಅಡಿಭಾಗ ನೋಡಿ. ಸಾಧ್ಯವಾದ್ರೆ ಎಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರ್ ತೆಗೆಸಿ. ಒಳಗೆ ತಿಳಿ ಕಂದು ಇದ್ರೆ ಆಯಿಲ್ ಬದಲಾಯಿಸ್ತಾ ಇದ್ರು ಅಂತ, ಕಪ್ಪು ಗಸಿ ಕಟ್ಟಿದ್ರೆ ಹಿಂದೆ ತಿರುಗಿ ನೋಡದೆ ಬನ್ನಿ. ನೆಲದ ಮೇಲೇ ಸೆಲ್ಫ್ ಮೋಟಾರ್ ಕಟ್ಟಿ ಕಂಪ್ರೆಷನ್ ತೋರಿಸಿ ಅನ್ನಿ. ತೋರಿಸದವನ ಹತ್ರ ತಗೋಬೇಡಿ.

ಕೂರಿಸೋ ಮುಂಚೆ, ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್ ಸೆಟ್, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೊಸದು ಹಾಕಿ. ಆ ಸೀಲು ತೀರಾ ಅಗ್ಗ, ಆದರೆ ಆಮೇಲೆ ಸೋರಿದ್ರೆ ಗೇರ್‌ಬಾಕ್ಸ್ ಇಳಿಸಬೇಕು. ರೇಡಿಯೇಟರ್ ಹೇಗೂ ಹೊಸದು. ಹೋಸ್‌ಗಳನ್ನ ಕೈಯಲ್ಲಿ ಅದುಮಿ ನೋಡಿ, ಗಟ್ಟಿಯಾಗಿದ್ರೆ ಬದಲಾಯಿಸಿ.

ಎಂಜಿನ್ ನಂಬರ್ ನೋಂದಣಿ ದಾಖಲೆಯಲ್ಲಿ ಇರೋ ಕಡೆ, ಎಂಜಿನ್ನು ಎಲ್ಲಿಂದ ಬಂತು ಅನ್ನೋ ಕಾಗದ ಕೈಗೆ ಬರೋವರೆಗೂ ದುಡ್ಡು ಕೊಡಬೇಡಿ. ಕದ್ದ ಗಾಡಿಯ ಎಂಜಿನ್ ನಿಮ್ಮ ಗಾಡಿಯಲ್ಲಿ ಸಿಕ್ಕಿದ್ರೆ ಉತ್ತರ ಹೇಳಬೇಕಾದೋರು ನೀವು.

ಡಿಪ್‌ಸ್ಟಿಕ್
ವಾರಂಟಿ ಮಾತು ಬರವಣಿಗೆಯಲ್ಲಿ ಇರಲಿ. ನನ್ನ ಹಳೇ ಗಾಡಿಗೆ ಹಾಕಿಸಿದ ಎಂಜಿನ್ ವಾರಂಟಿ ಒಳಗೇ ಆಯಿಲ್ ಸುಡೋಕೆ ಶುರುಮಾಡ್ತು. ಬೇರೆ ಎಂಜಿನ್ ಪುಕ್ಕಟೆ ಕೊಟ್ಟರು, ನಿಜ. ಇಳಿಸಿ ಹತ್ತಿಸೋ ಕೂಲಿ ಮಾತ್ರ ಎರಡನೇ ಸಲವೂ ನನ್ನ ತಲೆ ಮೇಲೆ. ಎರಡನೇ ಎಂಜಿನ್ ಇವತ್ತಿಗೂ ಚೆನ್ನಾಗಿ ಓಡ್ತಿದೆ ಅನ್ನಿ, ಗಾಡಿಯನ್ನ ಅಕ್ಕನ ಮಗ ಓಡಿಸ್ತಿದ್ದಾನೆ.

ಹಳೇ ಕಬ್ಬಿಣ
ನೋಡಿದ್ರಾ? ಓಡ್ತಿದೆ!

ಗ್ರೀಸ್ ಕೈ
ಐದನೇ ಗೇರ್ ಸರ್, ಅಡ್ವಾನ್ಸ್ ಕೊಡೋ ಮುಂಚೆ ಒಂದು ಕೆಲಸ. ಗಾಡಿ ಲಿಫ್ಟ್ ಮೇಲೆ ಹತ್ತಿಸಿ. ಬಾಡಿ ಚೆನ್ನಾಗಿದೆ ಅಂದ್ರಿ, ಅದು ನಿಂತು ನೋಡಿದ ಮಾತು. ನೋಡಬೇಕಾದ್ದು ಗಾಡಿಯ ಅಡಿಭಾಗ. ಬಾಗಿಲ ಕೆಳಗಿನ ಸಿಲ್, ಜಾಕ್ ಕೊಡೋ ಜಾಗ, ಮುಂದಿನ ಸಬ್‌ಫ್ರೇಮ್ ಬಾಡಿಗೆ ಸೇರೋ ಬೋಲ್ಟುಗಳ ಸುತ್ತ, ಹಿಂದಿನ ಆಕ್ಸಲ್ ಹಿಡಿದಿರೋ ಬ್ರಾಕೆಟ್, ಬ್ರೇಕ್ ಪೈಪ್. ದಪ್ಪ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಠಣ್ ಅಂದ್ರೆ ಸರಿ, ದಪ್ ಅಂದ್ರೆ ತುದಿಯಿಂದ ಚುಚ್ಚಿ ನೋಡಿ. ಒಳಗೆ ಮ್ಯಾಟ್ ಎತ್ತಿ ನೆಲ ಒದ್ದೆ ಇದೆಯಾ ನೋಡಿ.

ಐದನೇ ಗೇರ್
ಬೆಳಗ್ಗೆ ಲಿಫ್ಟ್ ಹತ್ತಿಸಿದ್ವಿ.

ಮುಂದೆ ಎಲ್ಲ ಗಟ್ಟಿ. ಎಡಗಡೆ ಸಿಲ್ ಕೂಡ ಸರಿ. ಬಲಗಡೆ ಹಿಂದಿನ ಆಕ್ಸಲ್ ಬ್ರಾಕೆಟ್ ಹತ್ರ ಯಾವತ್ತೋ ಬಳಿದ ಕಪ್ಪು ಅಂಡರ್‌ಕೋಟಿಂಗ್ ಉಬ್ಬಿತ್ತು. ಹುಡುಗ ಸ್ಕ್ರೂಡ್ರೈವರ್ ಒತ್ತಿದ, ಹಿಡಿವರೆಗೂ ಹೋಯ್ತು. ಎಳೆದಾಗ ಅಂಗೈ ಅಗಲದ ಹಕ್ಕಳೆ ಕಳಚಿ ಕೆಳಗೆ ಬಿತ್ತು, ಒಳಗಿನ ತಗಡು ಪುಡಿಪುಡಿ. ಮೇಲೆ ಹಿಂದಿನ ಸೀಟಿನ ಕೆಳಗೆ ಮ್ಯಾಟ್ ಎತ್ತಿದ್ರೆ ಅದೇ ಜಾಗದಲ್ಲಿ ಒದ್ದೆ. ಬಾಗಿಲ ರಬ್ಬರಿನಿಂದ ನೀರು ಇಳೀತಾ ಇತ್ತು ಅನ್ಸುತ್ತೆ. ಹೊರಗಿನ ಪೇಂಟ್ ಮೇಲೆ ಒಂದು ಗುಳ್ಳೆ ಇಲ್ಲ!

ಲೆಕ್ಕದ ಪುಸ್ತಕ
ವೆಲ್ಡಿಂಗಿಗೆ ಎಷ್ಟು ಹೇಳ್ತಾರೆ?

ಐದನೇ ಗೇರ್
ನಿಮ್ಮ ಲೆಕ್ಕದಲ್ಲಿ 25 ಅಂದುಕೊಳ್ಳಿ. ಅದೂ "ಕತ್ತರಿಸಿದ ಮೇಲೆ ಇನ್ನೆಷ್ಟು ದೂರ ಹೋಗಿದೆ ನೋಡಬೇಕು" ಅನ್ನೋ ಷರತ್ತಿನ ಮೇಲೆ.

ಲೆಕ್ಕದ ಪುಸ್ತಕ
ಹಾಗಾದ್ರೆ ಖರ್ಚು 60 ಅಲ್ಲ, 85. ಡಿಪ್‌ಸ್ಟಿಕ್ ಅವರ ತಿದ್ದುಪಡಿ ಸೇರಿಸಿದ್ರೆ ನಾಲ್ಕೂವರೆ ವರ್ಷದ ಮೇಲೆ ಓಡಬೇಕು. ಒಂದು ಕಡೆ ತೂತಾದ ತಗಡು ಇನ್ನೊಂದು ಕಡೆ ಅಷ್ಟು ವರ್ಷ ಹೊಸದಾಗಿ ಇರಲ್ಲ. ನಾನಾಗಿದ್ರೆ ಬಿಡ್ತಿದ್ದೆ.

ಹಳೇ ಕಬ್ಬಿಣ
ಒಳ್ಳೆ ವೆಲ್ಡರ್ ಸಿಕ್ಕಿದ್ರೆ ಆ ಬ್ರಾಕೆಟ್ ಸರಿ ಮಾಡಬಹುದು, ನಾನು ಮಾಡಿಸಿದ್ದೀನಿ. ಆದರೆ ಅದು ವಾರದಲ್ಲಿ ಒಂದು ದಿನ ತೆಗೆಯೋ ಗಾಡಿಗೆ. ಮನೆಗಿರೋ ಒಂದೇ ಗಾಡಿಗೆ ಹೇಳೋಕೆ ನನಗೂ ಧೈರ್ಯ ಇಲ್ಲ. ಬೇಜಾರಾಯ್ತು ಗುರು.

ಗ್ರೀಸ್ ಕೈ
ಹಿಂದಿನ ಆಕ್ಸಲ್ ಹಿಡಿದಿರೋ ಜಾಗ ಅದು, ಬಂಪರ್ ಅಲ್ಲ. ನಾನಂತೂ ಈ ಗಾಡಿಗೆ ಎಂಜಿನ್ ಕೂರಿಸಿಕೊಡಲ್ಲ.

ಮಾರುವಾಗ ನಿಂತಿರೋ ಗ್ಯಾರೇಜಿಗೇ ಕೊಟ್ಟುಬಿಡಬೇಡಿ. ಗುಜರಿಯವರು ಇಬ್ಬರು ಮೂವರನ್ನ ಕೇಳಿ. ಗೇರ್‌ಬಾಕ್ಸ್ ಸರಿ ಇದೆ, ಕ್ಲಚ್ ಹೊಸದು, ಬಾಗಿಲು, ಗಾಜು, ಎಸಿ ಕಂಪ್ರೆಸರ್ ಚೆನ್ನಾಗಿದೆ ಅಂತ ಬಿಡಿಬಿಡಿಯಾಗಿ ಹೇಳಿ. ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತೆ, ಅದಕ್ಕೇ ಬೇರೆ ಬೆಲೆ ಇದೆ. ಅದನ್ನ ಲೆಕ್ಕಕ್ಕೆ ಹಿಡೀದೆ ಕಬ್ಬಿಣದ ತೂಕಕ್ಕೆ ಕೇಳಿದ್ರೆ ಕೊಡಬೇಡಿ. ಹೆಸರು ವರ್ಗಾವಣೆ ಅಥವಾ ನೋಂದಣಿ ರದ್ದು ಆದ ಕಾಗದ ನಿಮ್ಮ ಕೈಗೆ ಬರೋವರೆಗೂ ಆ ಗಾಡಿ ನಿಮ್ಮದೇ.

ಐದನೇ ಗೇರ್
ಬಿಡೋದು ಅಂತ ತೀರ್ಮಾನ ಆಯ್ತು. ಟೈರ್ ನಾಲ್ಕನ್ನೂ ಪಕ್ಕದ ಮನೆಯವರು ತಗೋತಾರಂತೆ, ಅವರ ಗಾಡಿಗೂ ಅದೇ ಸೈಜು. ಒಬ್ಬ ಗುಜರಿಯವರು ಗ್ಯಾರೇಜ್ ಹೇಳಿದ್ದಕ್ಕಿಂತ ಒಂದೂವರೆ ಪಟ್ಟು ಹೇಳಿದ್ದಾರೆ, ಕನ್ವರ್ಟರ್ ಮಾತು ಎತ್ತಿದ ಮೇಲೆ. ಎಲ್ಲರಿಗೂ ಧನ್ಯವಾದ.

ರಾತ್ರಿ ಪಾಳಿ
ಮಧ್ಯದಲ್ಲಿ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಡೀಸೆಲ್, ಟರ್ಬೊ, ಒಂಬತ್ತು ವರ್ಷ. ಅಡಿಯಿಂದ ಕಟಕಟ ಸದ್ದು ಶುರುವಾಗಿದೆ, ಎಂಜಿನ್ ಇನ್ನೂ ಓಡ್ತಿದೆ. ತುಕ್ಕು ಇಲ್ಲ, ಲಿಫ್ಟ್ ಮೇಲೆ ನೋಡಿಸಿದ್ದೀನಿ. ಇದೇ ಲೆಕ್ಕ ನನಗೂ ಆಗುತ್ತಾ?

ಗ್ರೀಸ್ ಕೈ
ಲೆಕ್ಕ ಅದೇ, ಪಟ್ಟಿ ಉದ್ದ. ಟರ್ಬೊ ಓಡೋದು ಇದೇ ಎಂಜಿನ್ ಆಯಿಲ್ ಮೇಲೆ. ಬೇರಿಂಗ್ ಚೂರು ಅದರೊಳಗೂ ಹೋಗಿರುತ್ತೆ, ಆಯಿಲ್ ಕೂಲರ್‌ನಲ್ಲೂ ಕೂತಿರುತ್ತೆ. ಕೂಲರ್ ಎಷ್ಟು ತೊಳೆದರೂ ಪೂರ್ತಿ ಬರಲ್ಲ, ಹೊಸದೇ ಹಾಕಬೇಕು. ಇಲ್ಲದಿದ್ರೆ ಆ ಚೂರೇ ಹೊಸ ಎಂಜಿನ್ನಿಗೆ ಇಳಿಯುತ್ತೆ. ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿಗೂ ಕ್ಲಚ್ಚಿಗೂ ಮಧ್ಯೆ ಇರೋ ಎರಡು ಭಾಗದ ಭಾರದ ಚಕ್ರ) ಇದ್ರೆ ಅದು ಸಡಿಲವಾದಾಗಲೂ ಇಂಥದೇ ಸದ್ದು ಬರುತ್ತೆ. ಕ್ಲಚ್ ಒತ್ತಿದಾಗ ಸದ್ದು ಬದಲಾಗ್ತಿತ್ತಾ ನೆನಪು ಮಾಡ್ಕೊಳ್ಳಿ, ಬದಲಾಗ್ತಿದ್ರೆ ನಿಮ್ಮ ಅದೃಷ್ಟ. ಇವತ್ತಿಂದ ಗಾಡಿ ಓಡಿಸಬೇಡಿ, ಸ್ಟಾರ್ಟ್ ಮಾಡಿ ಯಾರಿಗೂ ಕೇಳಿಸಲೂ ಬೇಡಿ. ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ, ಫೋಟೊ ಹಾಕಿ.